ಎಷ್ಟು ಬಾಗೀತು ಬೆನ್ನು?

ಪುಷ್ಯ ಮಾಸದ ಬೆಳಗಿನಲ್ಲಿ ಸೇಡಂ ದಾಟಿ ಚಿಂಚೋಳಿಯ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ಮೊದಲು ಕಣ್ಣಿಗೆ ಬೀಳುವುದು ಬಾಗಿದ ಬೆನ್ನುಗಳು. ತೊಗರಿ ಕೊಯ್ಲಿಗೆ ಬಂದ ಹೆಂಗಸರು ತಲೆಗೆ ವಸ್ತ್ರ ಬಿಗಿದು, ಎಡಗೈಯಲ್ಲಿ ಗಿಡದ ಬುಡ ಹಿಡಿದು, ಬಲಗೈಯ ಕುಡುಗೋಲನ್ನು ನೆಲದ ಮಟ್ಟಕ್ಕೆ ಇಳಿಸಿ, ಸಾಲಿನುದ್ದಕ್ಕೂ ಹಾಗೇ ಸರಿಯುತ್ತ ಹೋಗುತ್ತಾರೆ. ಒಣಗಿದ ಕಾಯಿ ಗಲಗಲ ಅನ್ನುತ್ತದೆ, ಬಿರಿದ ಕರಿನೆಲದಿಂದ ಧೂಳು ಏಳುತ್ತದೆ, ಬದುವಿನ ಮೇಲೆ ಬುತ್ತಿಗಂಟಿನ ಪಕ್ಕ ಕೂಸೊಂದು ಮಲಗಿರುತ್ತದೆ. ಶಹಾಬಾದಿನ ಫರಸಿ ಖಣಿಗೆ ಇಳಿದರೆ, ಪದರ ಪದರವಾಗಿ ಮಲಗಿದ ಸುಣ್ಣಕಲ್ಲಿನ ಮೇಲೆ ಗಂಡಸರು ಬಗ್ಗಿ ಉಳಿ ಹೂಡಿ, ಸುತ್ತಿಗೆಯ ಏಟಿಗೆ ಕಲ್ಲು ಕೊಡುವ ದನಿ ಆಲಿಸಿ, ಸಂದು ಸಿಕ್ಕ ಕಡೆ ಹಾರೆ ತೂರಿಸಿ ಚಪ್ಪಡಿ ಎಬ್ಬಿಸುತ್ತಿರುತ್ತಾರೆ. ವಾಡಿಯಲ್ಲಿ ಸಿಮೆಂಟಿನ ಬೂದುಪುಡಿ ಬೇವಿನ ಎಲೆಯ ಮೇಲೂ ಕೂತಿರುತ್ತದೆ, ಚೀಲ ಹೊರುವವರ ಹೆಗಲ ಮೇಲೂ ಕೂತಿರುತ್ತದೆ. ಸಂಜೆಯಾದರೆ ಚಿತ್ತಾಪುರದ ಓಣಿಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುತ್ತದೆ. ಒಲೆಯ ಮುಂದೆ ಮುಂದಕ್ಕೆ ಬಾಗಿ ಕೂತವಳ ಬೆನ್ನಿನ ಮೇಲೆ ಬೆಂಕಿಯ ಬೆಳಕು ಆಡುತ್ತದೆ. ಈ ಸೀಮೆಯಲ್ಲಿ ಅನ್ನ ಹುಟ್ಟುವುದು ಬೆನ್ನು ಬಾಗಿದರೆ.

ಇಂಥದೊಂದು ಮನೆಯ ಹುಡುಗಿಯ ಜೊತೆ ನಾವು ಸ್ವಲ್ಪ ದೂರ ಹೋಗೋಣ. ಅವಳ ಹೆಸರು ಬೇಡ. ಅವಳಂಥವರು ಪ್ರತಿ ತಾಲೂಕಿನಲ್ಲೂ ಇದ್ದಾರೆ. ಹದಿನಾಲ್ಕರ ವಯಸ್ಸು, ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ. ಅಪ್ಪ ಫರಸಿ ಖಣಿಯಲ್ಲಿ ದುಡಿಯುತ್ತಾನೆ, ಅವ್ವ ಕಂಡವರ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ. ಸಮವಸ್ತ್ರದ ವೇಲು ಬಲ ಹೆಗಲ ಮೇಲೆ ನಿಲ್ಲುತ್ತದೆ, ಎಡಗಡೆಯದು ಜಾರುತ್ತಲೇ ಇರುತ್ತದೆ. ಗೆಳತಿಯರು ಅದನ್ನು ನೋಡಿದ್ದರು, ಅವಳೂ ನೋಡಿದ್ದಳು, ಯಾರೂ ಹೇಳಿರಲಿಲ್ಲ. ಎಳ್ಳಮಾವಾಸ್ಯೆಯ ಮುಂಜಾನೆ, ಚರಗ ಚೆಲ್ಲಲು ಹೊಲಕ್ಕೆ ಹೋಗುವ ಮೊದಲು ಅವ್ವ ಮಗಳಿಗೆ ತಲೆ ಎರೆಯುತ್ತಿದ್ದಳು. ಹುಡುಗಿ ಮುಂದಕ್ಕೆ ಬಾಗಿದಾಗ ಬೆನ್ನಿನ ಬಲಭಾಗ ಎದ್ದುಬಂದು ಎಡಭಾಗ ತಗ್ಗಾಗಿ ನಿಂತಿತು. ತಂಬಿಗೆಯ ನೀರು ಹಾಗೇ ಕೈಯಲ್ಲಿ ಉಳಿಯಿತು. ಮಗಳು ದೊಡ್ಡವಳಾದ ಮೇಲೆ ಅವ್ವ ಅವಳ ಬರಿಬೆನ್ನು ನೋಡಿದ್ದೇ ಇರಲಿಲ್ಲ.

ಈ ಬಾಗು ಮರೆಯಲ್ಲಿ ಬೆಳೆಯುವುದು ಹೀಗೆ. ಹುಡುಗಿಯರು ಗೇಣುಗೇಣಾಗಿ ಎತ್ತರ ಬೆಳೆಯುವ ಎರಡು ಮೂರು ವರ್ಷಗಳಲ್ಲಿ, ಮುಟ್ಟು ಶುರುವಾಗುವ ಆಚೀಚೆ, ಬೆನ್ನೆಲುಬಿನ ಕಂಬ ಪಕ್ಕಕ್ಕೆ ವಾಲಿ ತನ್ನ ಸುತ್ತ ತಾನೇ ತಿರುಗತೊಡಗುತ್ತದೆ. ಮಗಳು ಮೈ ಮುಚ್ಚಿಕೊಳ್ಳಲು ಕಲಿಯುವ ವಯಸ್ಸೂ ಅದೇ. ಹೆಚ್ಚಿನ ಮಕ್ಕಳಿಗೆ ನೋವು ಇರುವುದಿಲ್ಲ, ಜ್ವರ ಇರುವುದಿಲ್ಲ, ಓಡಾಟಕ್ಕೆ ತೊಡಕಿಲ್ಲ. ಹದಿಹರೆಯದ ಮಕ್ಕಳಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ 10 ಡಿಗ್ರಿಗಿಂತ ಹೆಚ್ಚಿನ ಈ ಬಾಗು, ಡಾಕ್ಟರರು ಸ್ಕೋಲಿಯೋಸಿಸ್ ಅನ್ನುವುದು, ಇರುತ್ತದೆ. ಚಿಕ್ಕ ಬಾಗುಗಳಲ್ಲಿ ಹುಡುಗ ಹುಡುಗಿಯರು ಹೆಚ್ಚು ಕಡಿಮೆ ಸರಿಸಮ. ಬಾಗು ದೊಡ್ಡದಾಗುತ್ತ ಹೋದಂತೆ ಹುಡುಗಿಯರೇ ಬಹಳ ಹೆಚ್ಚು.

ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಈಗ ನಾವು ಬೆಂಗಳೂರಿನ ಆಸ್ಪತ್ರೆಗೆ ಹೊರಟ ಆ ಹುಡುಗಿ, ಅವ್ವ, ಅಪ್ಪನ ಪಕ್ಕ ನಿಂತಿದ್ದೇವೆ. ಇಲ್ಲಿಂದ ಒಂದು ಹಳಿ ಸೊಲ್ಲಾಪುರದ ಮೇಲೆ ಮುಂಬೈಗೆ, ಒಂದು ರಾಯಚೂರು, ಗುಂತಕಲ್ಲಿನ ಕಡೆಗೆ, ಮತ್ತೊಂದು ಚಿತ್ತಾಪುರ, ಸೇಡಂ ಹಾದು ಹೈದರಾಬಾದಿಗೆ. ನಿಜಾಮರ ಕಾಲದಲ್ಲಿ, 1874ರಲ್ಲಿ, ಆ ಹೈದರಾಬಾದ್ ಹಾದಿ ತೆರೆದಂದಿನಿಂದ ಈ ಭಾಗದ ದೊಡ್ಡ ಕಾಯಿಲೆಗಳೂ ಈ ಹಳಿಗಳ ಮೇಲೆಯೇ ಓಡಾಡಿವೆ. ಬೆಂಗಳೂರಿಗೆ ರಾತ್ರಿಯಿಡೀ ದಾರಿ. ಮನೆಯಲ್ಲಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ವಾಸನೆ ಬೋಗಿಯ ತುಂಬ ಹರಡಿದೆ. ಅಪ್ಪ ಊರ ಕಡೆ ತೆಗೆಸಿದ ಎಕ್ಸ್‌ರೇಯ ದೊಡ್ಡ ಕವರನ್ನು ಮಡಚದಂತೆ ಎದೆಗೆ ಆನಿಸಿಕೊಂಡೇ ಕೂತಿದ್ದಾನೆ. ಹುಡುಗಿ ಕಿಟಕಿಗೆ ತಲೆ ಇಟ್ಟು ಕತ್ತಲಲ್ಲಿ ಹಿಂದೆ ಸರಿಯುವ ಸಿಮೆಂಟ್ ಕಾರ್ಖಾನೆಯ ದೀಪಗಳನ್ನು ನೋಡುತ್ತಿದ್ದಾಳೆ. ಆಪರೇಷನ್ ಎಂಬ ಮಾತನ್ನು ಮೂವರೂ ಆಡುವುದಿಲ್ಲ.

ಮರುದಿನ ಆಸ್ಪತ್ರೆಯ ಪಡಸಾಲೆ. ಚೀಟಿ ಮಾಡಿಸುವ ಕಿಟಕಿಯ ಗದ್ದಲ, ಫಿನಾಯಿಲಿನ ಘಾಟು, ಹೆಸರು ಕೂಗುವ ದನಿ. ಅಪ್ಪ ಬೆಂಚಿನ ಮೇಲೆ ಕೂತವನು ಚಪ್ಪಲಿ ಬಿಟ್ಟು ನೆಲದ ಮೇಲೆ ಅಂಗಾಲು ಆಡಿಸಿ, “ಇದು ನಮ್ಮ ಕಡೀ ಫರಸಿನೇ ಅದ” ಅಂದ. ಊರು ಬಿಟ್ಟ ಮೇಲೆ ಅವನ ಮುಖ ಸಡಿಲಾದದ್ದು ಅದೇ ಮೊದಲು.

ಒಳಗಿನ ಕೋಣೆಯಲ್ಲಿ ಪರದೆ ಎಳೆದಿದೆ. ಹೆಂಗಸು ನರ್ಸ್ ಒಬ್ಬಳು ಹುಡುಗಿಯ ಜೊತೆ ನಿಂತಿದ್ದಾಳೆ. ಅಂಗಿಯ ಹಿಂಬದಿ ಮಾತ್ರ ತೆರೆದಿದೆ. ಡಾಕ್ಟರು ಮೊದಲು ದೂರ ನಿಂತು ನೋಡುತ್ತಾರೆ: ಯಾವ ಹೆಗಲು ಮೇಲು, ಸೊಂಟದ ಯಾವ ಮಗ್ಗುಲಿನಲ್ಲಿ ಕೈಗೂ ಮೈಗೂ ನಡುವೆ ಸಂದು ಹೆಚ್ಚು. ಆಮೇಲೆ ಗೌಂಡಿಗಳು ಗೋಡೆ ನೆಟ್ಟಗಿದೆಯೇ ಎಂದು ನೋಡಲು ಇಳಿಬಿಡುವ ದಾರ, ಗುಂಡನ್ನೇ ಕುತ್ತಿಗೆಯ ಬುಡದ ಎದ್ದ ಎಲುಬಿನಿಂದ ಕೆಳಗೆ ಬಿಡುತ್ತಾರೆ. ಆ ದಾರ ಸೊಂಟದ ನಟ್ಟನಡುವೆ ಬಂದು ನಿಂತರೆ ಮೈ ಸಮತೂಕ ಕಾಯ್ದುಕೊಂಡಿದೆ ಎಂದು ಅರ್ಥ. ಹೊಟ್ಟೆಯ ಮೇಲೆ ನಾಲ್ಕೂ ಕಡೆ ಹಗುರವಾಗಿ ಗೀರಿ ಸ್ನಾಯು ಎರಡೂ ಬದಿಗೆ ಒಂದೇ ಸಮ ಅದುರುತ್ತದೆಯೇ ಎಂದು ನೋಡುತ್ತಾರೆ. ಹಾಗೆ ಒಂದೇ ಸಮ ಅದುರದಿದ್ದರೆ ತೊಂದರೆ ಬೆನ್ನುಹುರಿಯೊಳಗೇ ಇರಬಹುದು, ಎಂಆರ್‌ಐ ಮಾಡಿಸದೆ ಮುಂದೆ ಹೋಗುವಂತಿಲ್ಲ. “ಕಾಲು ಜೋಡಿಸು, ಮೊಣಕಾಲು ಮಡಚಬ್ಯಾಡ, ಎರಡೂ ಕೈ ಕೂಡಿಸಿ ಮುಂದಕ್ಕೆ ಬಾಗು” ಅಂದಾಗ ಆ ಅಮಾವಾಸ್ಯೆಯ ಮುಂಜಾನೆ ಅವ್ವ ಕಂಡದ್ದನ್ನೇ ಈಗ ಡಾಕ್ಟರೂ ಕಾಣುತ್ತಾರೆ. ಲಂಡನ್ನಿನ ವಿಲಿಯಂ ಆಡಮ್ಸ್ 1865ರಲ್ಲಿ ಬರೆದಿಟ್ಟ ಪರೀಕ್ಷೆ ಇದು. ಮಣಿಗಳು ತಿರುಚಿಕೊಂಡಾಗ ಅವಕ್ಕೆ ಅಂಟಿದ ಪಕ್ಕೆಲುಬುಗಳೂ ಜೊತೆಗೇ ತಿರುಗಿ ಒಂದು ಬದಿಗೆ ಎದ್ದುಬರುತ್ತವೆ. ಬಾಗಿದ ಬೆನ್ನಿನ ಮೇಲೆ ಓರೆ ಅಳೆಯುವ ಪುಟ್ಟ ಉಪಕರಣ ಇಟ್ಟು ಓದುತ್ತಾರೆ. 7 ಡಿಗ್ರಿ ಮುಟ್ಟಿದರೆ ಎಕ್ಸ್‌ರೇಗೆ ಕಳಿಸುವುದು ರೂಢಿ.

ಪರದೆಯ ಆಚೆಯಿಂದ ಅವ್ವ ಅಷ್ಟು ಹೊತ್ತು ತಡೆದಿದ್ದನ್ನು ಕೇಳಿಬಿಡುತ್ತಾಳೆ: “ಸಾಹೇಬ್ರ, ನೀರಿನ ಕೊಡ ಹೊತ್ತು ಹೊತ್ತು ಹಿಂಗಾಯ್ತೇನ್ರಿ? ಇಲ್ಲಂದ್ರ ಪುಸ್ತಕದ ಚೀಲದ್ದೇನ್ರಿ?”

“ಇಲ್ಲ ತಾಯಿ. ಕೊಡದಿಂದಲೂ ಅಲ್ಲ, ಚೀಲದಿಂದಲೂ ಅಲ್ಲ. ನಿಮ್ಮ ತಪ್ಪು ಏನೂ ಇಲ್ಲ.”

ಆ ಉತ್ತರಕ್ಕೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡದ್ದನ್ನು ನಾವೂ ನೋಡುತ್ತೇವೆ. ಇಂಥ ಹತ್ತರಲ್ಲಿ ಎಂಟು ಬೆನ್ನುಗಳ ಬಾಗಿಗೆ ಇಂಥದೇ ಕಾರಣ ಎಂದು ವೈದ್ಯಲೋಕ ಇನ್ನೂ ಬೆರಳಿಟ್ಟು ತೋರಿಸಿಲ್ಲ. ಮಲಗುವ ಭಂಗಿ, ಹೊರುವ ಭಾರ, ಬಸುರಿಯಾಗಿದ್ದಾಗ ಬಿದ್ದ ಗ್ರಹಣದ ನೆರಳು, ಇವು ಯಾವುವೂ ಅದನ್ನು ತಂದಿಲ್ಲ. ತಾಯಂದಿರು ವರ್ಷಗಟ್ಟಲೆ ಹೊರುವ ಅಪರಾಧಿ ಭಾವವನ್ನು ಇಳಿಸುವುದೂ ಚಿಕಿತ್ಸೆಯ ಮೊದಲ ಕೆಲಸಗಳಲ್ಲಿ ಒಂದು.

ಎಕ್ಸ್‌ರೇ ಕೋಣೆಯ ತಣ್ಣನೆಯ ಗಾಳಿ, ಗುಂಯ್ ಎನ್ನುವ ಯಂತ್ರ. ಮೊದಲ ಚಿತ್ರ ನಿಂತಾಗಿನದು: ಕುತ್ತಿಗೆಯಿಂದ ಸೊಂಟದವರೆಗೆ ಒಂದೇ ಉದ್ದನೆಯ ಚಿತ್ರ, ಬೆನ್ನು ಯಂತ್ರದ ಕಡೆಗೆ. ಬೆಳೆಯುವ ಹುಡುಗಿಯ ಎದೆಗೂ ಗಂಟಲ ಗ್ರಂಥಿಗೂ ಕಿರಣ ಕಡಿಮೆ ತಾಗಲಿ ಎಂದು ಹೀಗೆ ನಿಲ್ಲಿಸುತ್ತಾರೆ. ಪರದೆಯ ಮೇಲೆ ಬೆನ್ನೆಲುಬು ಮೂಡಿದಾಗ ಡಾಕ್ಟರು ಅತಿ ಹೆಚ್ಚು ವಾಲಿದ ಮೇಲಿನ ಮಣಿಯ ನೆತ್ತಿಗೆ ಒಂದು ಗೆರೆ, ಕೆಳಗಿನ ಮಣಿಯ ಬುಡಕ್ಕೆ ಒಂದು ಗೆರೆ ಎಳೆಯುತ್ತಾರೆ. ಎರಡು ಗೆರೆ ಸೇರುವ ಕೋನವೇ ಲೆಕ್ಕ. ನ್ಯೂಯಾರ್ಕಿನ ಜಾನ್ ಕಾಬ್ 1948ರಲ್ಲಿ ಹೇಳಿಕೊಟ್ಟ ಈ ಅಳತೆಯನ್ನು ಇಂದಿಗೂ ಕಾಬ್ ಕೋನ ಎಂದೇ ಕರೆಯುತ್ತಾರೆ. 25ರಿಂದ 40 ಡಿಗ್ರಿಯ ಬಾಗಿಗೆ, ಮಗು ಇನ್ನೂ ಬೆಳೆಯುತ್ತಿದ್ದರೆ, ಬ್ರೇಸ್ ಎಂಬ ಗಟ್ಟಿ ಕವಚ. 45, 50 ದಾಟಿದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ, ಯಾಕೆಂದರೆ ಎದೆಮಟ್ಟದ ಬಾಗು 50 ದಾಟಿತೆಂದರೆ ಬೆಳವಣಿಗೆ ನಿಂತ ಮೇಲೂ ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಮುಂದುವರಿಯುತ್ತಲೇ ಇರುತ್ತದೆ.

ಇಲ್ಲಿಗೆ ಬೆನ್ನು ಎಷ್ಟು ಸೊಟ್ಟಗಿದೆ ಎಂದು ಗೊತ್ತಾಯಿತು. ಅದು ಎಷ್ಟು ಬಗ್ಗುತ್ತದೆ ಎಂಬುದನ್ನು ನಿಂತ ಚಿತ್ರ ಹೇಳುವುದಿಲ್ಲ. ಈ ಎರಡನೆಯ ಪ್ರಶ್ನೆ ಹುಡುಗಿಯ ಮುಂದಿನ ಬದುಕಿಗೆ ಬಹಳ ಹತ್ತಿರದ್ದು.

ಅವಳನ್ನು ಮೇಜಿನ ಮೇಲೆ ಅಂಗಾತ ಮಲಗಿಸುತ್ತಾರೆ. ನಿಂತಾಗ ಬೆನ್ನನ್ನು ಕೆಳಕ್ಕೆ ಜಗ್ಗುತ್ತಿದ್ದ ಮೈಭಾರ ಈಗ ಇಲ್ಲ. ಆ ಬಿಡುವಿಗೇ ಬಾಗು ಒಂದಿಷ್ಟು ಇಳಿಯುತ್ತದೆ. ಸೊಂಟ ಜರುಗದಂತೆ ಒಬ್ಬರು ಹಿಡಿಯುತ್ತಾರೆ. “ಸೈಡಿಗೆ ಬೆಂಡ್ ಆಗಮ್ಮ, ಫುಲ್ಲು” ಎಂದು ತಂತ್ರಜ್ಞನ ಮಾತು. ಹುಡುಗಿ ಕಣ್ಣು ಪಿಳಿಪಿಳಿ ಬಿಡುತ್ತಾಳೆ, ಕತ್ತನ್ನಷ್ಟೇ ಆಚೆ ತಿರುಗಿಸುತ್ತಾಳೆ. ಆಗ ಮೂಲೆಯಲ್ಲಿದ್ದ ನರ್ಸ್, ರಾಯಚೂರಿನ ಕಡೆಯಾಕೆ, ಹತ್ತಿರ ಬಂದು ಅವಳ ಬಲಗೈ ಹಿಡಿದು, “ಯವ್ವಾ, ಬಲಮಗ್ಗಲಕ್ಕ ಬಾಗು. ಮೊಣಕಾಲು ಮುಟ್ಟಲಿಕ್ಕ ಹೋದಂಗ ಕೈ ಕೆಳಗ ಬಿಡು. ಇನ್ನಾ... ಇನ್ನೊಂದಿಟು... ಹಾಂ, ಹಂಗೇ ಇರು, ಉಸಿರು ಹಿಡಿ” ಅನ್ನುತ್ತಾಳೆ. ಈಗ ಬೆನ್ನು ನಿಜಕ್ಕೂ ಬಾಗಿತು. ಯಂತ್ರ ಒಮ್ಮೆ ಕ್ಲಿಕ್ ಅಂದಿತು. ಆಮೇಲೆ ಎಡಕ್ಕೆ.

ಈ ಪರೀಕ್ಷೆಯ ಬೆಲೆ ಇರುವುದು ಮಗು ತನ್ನ ಕೈಲಾದಷ್ಟೂ ಬಾಗಿದರೆ ಮಾತ್ರ. ಹೆದರಿದ ಮಗು, ನಾಚಿದ ಮಗು, ಮಾತು ತಿಳಿಯದ ಮಗು ಅರ್ಧ ಬಾಗಿ ನಿಂತುಬಿಟ್ಟರೆ ಮೆತ್ತಗಿನ ಬೆನ್ನೂ ಚಿತ್ರದಲ್ಲಿ ಪೆಡಸಾಗಿ ಕಾಣುತ್ತದೆ, ಆ ಸುಳ್ಳಿನ ಮೇಲೆ ಶಸ್ತ್ರಚಿಕಿತ್ಸೆಯ ಲೆಕ್ಕ ನಿಲ್ಲುತ್ತದೆ. ಚಿಂಚೋಳಿಯ ತಾಂಡಾದಿಂದ ಬರುವ, ಮನೆಯಲ್ಲಿ ಲಂಬಾಣಿ ಆಡುವ ಮಗುವಿಗೆ ಅವಳದೇ ಮಾತಿನಲ್ಲಿ ಹೇಳುವವರು ಆ ಕೋಣೆಯಲ್ಲಿ ಒಬ್ಬರಿದ್ದರೆ ಚಿತ್ರವೇ ಬೇರೆಯಾಗುತ್ತದೆ. ಯಂತ್ರಕ್ಕೆ ಕೊಟ್ಟಷ್ಟೇ ಗಮನವನ್ನು ಆ ಒಂದು ದನಿಗೂ ಕೊಡಬೇಕು.

ಮಗುವಿನ ಪ್ರಯತ್ನವನ್ನು ನೆಚ್ಚದ ದಾರಿಗಳೂ ಇವೆ. ಹಾಂಕಾಂಗಿನ ವೈದ್ಯರು 1997ರಲ್ಲಿ ವಿವರಿಸಿದ ಬಗೆಯಲ್ಲಿ, ಮೆತ್ತೆ ಸುತ್ತಿದ ಉರುಟು ದಿಂಡನ್ನು ಮೇಜಿನ ಮೇಲಿಟ್ಟು, ಬಾಗಿನ ಉಬ್ಬಿದ ಬದಿ ಕೆಳಗೆ ಬರುವಂತೆ ಮಗ್ಗುಲಾಗಿ ಮಲಗಿಸುತ್ತಾರೆ. ಉಬ್ಬಿನ ತುದಿಗೆ ಸೇರುವ ಪಕ್ಕೆಲುಬು ದಿಂಡಿನ ಮೇಲೆ ಕೂರಬೇಕು, ಹೆಗಲು ಮೇಜಿಗೆ ತಾಗಬಾರದು. ಮೈಭಾರವೇ ಬೆನ್ನನ್ನು ಬಿಡಿಸುತ್ತದೆ. ಮಗು ಏನೂ ಮಾಡಬೇಕಿಲ್ಲ, ಸಡಿಲವಾಗಿ ಮಲಗಿದರೆ ಸಾಕು. ಎದೆಮಟ್ಟದ ಬಾಗು ಸ್ಕ್ರೂ, ಸರಳುಗಳಿಂದ ಎಷ್ಟು ಸರಿಹೋದೀತು ಎಂಬುದನ್ನು ಈ ಚಿತ್ರ ಚೆನ್ನಾಗಿ ಮುನ್ಸೂಚಿಸುತ್ತದೆ. ಬಾಗು 60 ಡಿಗ್ರಿಗಿಂತ ಹೆಚ್ಚಿದ್ದರೆ, ಅಥವಾ ಸ್ನಾಯುಗಳ ಬಲ ಕುಂದಿ ತಾನಾಗಿ ಬಾಗಲಾಗದ ಮಗುವಾದರೆ, ಒಬ್ಬರು ಗದ್ದ, ಹಿಂದಲೆ ಹಿಡಿದು, ಇನ್ನೊಬ್ಬರು ಕಾಲು ಹಿಡಿದು ಮೆಲ್ಲಗೆ ಎಳೆಯುತ್ತಾರೆ. ಎಳೆತದಲ್ಲಿಯೇ ಚಿತ್ರ ತೆಗೆಯುತ್ತಾರೆ. ಅರಿವಳಿಕೆ ಕೊಟ್ಟ ಮೇಲೆ ಸ್ನಾಯುಗಳು ಪೂರ್ತಿ ಸಡಿಲಾದಾಗ ಹೀಗೆ ಎಳೆದು ನೋಡುವುದೂ ಉಂಟು. ಎಲ್ಲ ಚಿತ್ರವೂ ಎಲ್ಲರಿಗೂ ಬೇಕಿಲ್ಲ. ಪ್ರತಿ ಚಿತ್ರಕ್ಕೂ ಕಿರಣದ ಪಾಲು ಇರುವುದರಿಂದ, ಯಾವುದರ ಉತ್ತರದಿಂದ ನಿರ್ಧಾರ ಬದಲಾದೀತೋ ಅದನ್ನಷ್ಟೇ ತೆಗೆಯುವುದು ಒಳ್ಳೆಯ ವೈದ್ಯರ ಪದ್ಧತಿ.

ಸಂಜೆ ಡಾಕ್ಟರ ಕೋಣೆಯಲ್ಲಿ ಎಲ್ಲ ಚಿತ್ರಗಳೂ ಪಕ್ಕಪಕ್ಕ ತೆರೆದುಕೊಂಡಿವೆ. ನಿಂತಾಗ 60 ಡಿಗ್ರಿ ಇದ್ದದ್ದು ಬಾಗಿದಾಗ 36ಕ್ಕೆ ಇಳಿಯಿತು ಎಂದು ಇಟ್ಟುಕೊಳ್ಳಿ. ಇಳಿದದ್ದು 24, ಅಂದರೆ 60ರಲ್ಲಿ ನೂರಕ್ಕೆ 40. ಬೆನ್ನಿನ ಮೆದುತನವನ್ನು ಹೀಗೆ ಲೆಕ್ಕ ಹಾಕುತ್ತಾರೆ. ಎದೆಮಟ್ಟದ ಬಾಗು ಹೀಗೆ ಒಂದಿಷ್ಟು ಇಳಿದು ನಿಂತಿತು. ನಿಂತ ಚಿತ್ರದಲ್ಲಿ ಸೊಂಟದ ಮಟ್ಟಕ್ಕೆ ಎದುರು ದಿಕ್ಕಿನ ಇನ್ನೊಂದು ಬಾಗೂ ಇತ್ತು, ಅದು ಬಾಗಿದ ಚಿತ್ರದಲ್ಲಿ ಬಹುಮಟ್ಟಿಗೆ ಕರಗಿಹೋಯಿತು. ಅದು ನಿಜವಾಗಿ ಕೆಟ್ಟ ಬಾಗಲ್ಲ. ಮೇಲಿನ ವಾಲಿಕೆಯನ್ನು ತೂಗಿ ತಲೆಯನ್ನು ಸೊಂಟದ ಮೇಲೆಯೇ ಇಡಲು ಮೈ ಮಾಡಿಕೊಂಡ ಹೊಂದಾಣಿಕೆ. ಅಮೆರಿಕದ ಲಾರೆನ್ಸ್ ಲೆಂಕೆ ಮತ್ತು ಜೊತೆಗಾರರು 2001ರಲ್ಲಿ ಕೊಟ್ಟ ವಿಂಗಡಣೆಯಲ್ಲಿ ಇದಕ್ಕೊಂದು ಗೆರೆ ಇದೆ: ಪಕ್ಕಕ್ಕೆ ಬಾಗಿದಾಗಲೂ 25 ಡಿಗ್ರಿ ಅಥವಾ ಹೆಚ್ಚು ಉಳಿದ ಬಾಗು ಪೆಡಸಾದದ್ದು, ಅದನ್ನೂ ಬೆಸೆಯಬೇಕಾದೀತು, 25ಕ್ಕಿಂತ ಕೆಳಗೆ ಇಳಿದದ್ದನ್ನು ಸಾಮಾನ್ಯವಾಗಿ ಮುಟ್ಟದೆ ಬಿಡಬಹುದು, ದೊಡ್ಡ ಬಾಗು ಸರಿಹೋದ ಮೇಲೆ ಅದು ತಾನೇ ಹೊಂದಿಕೊಳ್ಳುತ್ತದೆ.

ಬೆಸೆಯುವುದು ಅಂದರೆ ಏನು ಎಂದು ಅಪ್ಪನಿಗೆ ತಿಳಿಸಲು ಡಾಕ್ಟರು ಪ್ಲಾಸ್ಟಿಕ್ಕಿನ ಬೆನ್ನೆಲುಬಿನ ಮಾದರಿ ಕೈಗೆ ಕೊಡುತ್ತಾರೆ. ಬೆಸೆಯಬೇಕಾದ ಮಣಿಗಳಿಗೆ ಸ್ಕ್ರೂ, ಎರಡೂ ಬದಿಗೆ ಲೋಹದ ಸರಳು, ಮಣಿಗಳ ನಡುವೆ ಎಲುಬಿನ ಚೂರು. ತಿಂಗಳುಗಳಲ್ಲಿ ಅಷ್ಟೂ ಮಣಿಗಳು ಕೂಡಿ ಒಂದೇ ಎಲುಬಾಗುತ್ತವೆ. ಹ್ಯೂಸ್ಟನ್ನಿನ ಪಾಲ್ ಹ್ಯಾರಿಂಗ್ಟನ್ ಪೋಲಿಯೋದಿಂದ ಬೆನ್ನು ಸೊಟ್ಟಗಾದ ಮಕ್ಕಳಿಗೆಂದು ಕಟ್ಟಿ, 1962ರಲ್ಲಿ ಪ್ರಕಟಿಸಿದ ಸರಳಿನಿಂದ ಈ ದಾರಿ ತೆರೆಯಿತು. ಇಂದು ಶಸ್ತ್ರಚಿಕಿತ್ಸೆಯ ಉದ್ದಕ್ಕೂ ನರಗಳ ಸಂದೇಶವನ್ನು ಯಂತ್ರದಲ್ಲಿ ಕಾಯುತ್ತ ಹೋಗುವುದರಿಂದ ಕೆಲಸ ಮೊದಲಿಗಿಂತ ಬಹಳ ಸುರಕ್ಷಿತ. ಬೆಸೆದ ಮಣಿ ಮಾತ್ರ ಮತ್ತೆ ಬಾಗುವುದಿಲ್ಲ.

ಅಪ್ಪ ಮಾದರಿಯ ಕೆಳಗಿನ ಐದು ಮಣಿಗಳನ್ನು ಮುಂದಕ್ಕೂ ಹಿಂದಕ್ಕೂ ಬಗ್ಗಿಸಿ ನೋಡಿ ಕೇಳುತ್ತಾನೆ: “ಇವು ಉಳೀತಾವೇನ್ರಿ ಸಾಹೇಬ್ರ? ನೆಲದ ಮ್ಯಾಲ ಕೂಡ್ತಾಳ, ರೊಟ್ಟಿ ಬಡೀತಾಳ?”

ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಎದೆಮಟ್ಟದ ಮಣಿಗಳು ಪಕ್ಕೆಲುಬಿನ ಗೂಡಿಗೆ ಕಟ್ಟಿಹಾಕಿಕೊಂಡಿರುವುದರಿಂದ ಮೊದಲೇ ಅಷ್ಟಾಗಿ ಬಾಗುವುದಿಲ್ಲ; ನಾವು ಮುಂದಕ್ಕೆ ಬಾಗುವುದು ಬಹುಪಾಲು ಚಪ್ಪೆಯ ಕೀಲು ಮತ್ತು ಸೊಂಟದ ಮಣಿಗಳಿಂದ. ಕಳೆ ಕೀಳುವುದು, ನೆಲ ಒರೆಸುವುದು, ಹೊಲಿಗೆ ಯಂತ್ರದ ಮುಂದೆ ಕೂರುವುದು, ಕೂಸನ್ನು ಎತ್ತಿಕೊಳ್ಳುವುದು ಎಲ್ಲಕ್ಕೂ ಬೇಕಾದವು ಆ ಕೆಳಗಿನ ಮಣಿಗಳೇ. ಸೊಂಟದ ಬಾಗು ಮೆತ್ತಗಿದೆ ಎಂದು ಮಧ್ಯಾಹ್ನದ ಚಿತ್ರ ಸಾಕ್ಷಿ ಹೇಳದೆ ಹೋಗಿದ್ದರೆ ಸರಳು ಇನ್ನೂ ಕೆಳಗಿಳಿಯುತ್ತಿತ್ತು. ಮೇಜಿನ ಮೇಲೆ ನಾಚಿಕೆ ಬಿಟ್ಟು ಅವಳು ಬಾಗಿದ ಆ ಇನ್ನೊಂದಿಷ್ಟು, ಅವಳ ನಡುವಿನ ಎರಡು ಮೂರು ಮಣಿಗಳನ್ನು ಬದುಕಿಗೆ ಉಳಿಸಿಕೊಟ್ಟೀತು.

ಈ ಮೆದುತನ ಕಾಯುತ್ತ ಕೂರುವುದಿಲ್ಲ ಎಂಬುದೇ ಕಳವಳದ ಮಾತು. ಭಾದ್ರಪದದಲ್ಲಿ ಗಾಳಿ ಬೀಸಿದತ್ತ ಬಾಗಿ ಮತ್ತೆ ಏಳುವ ತೊಗರಿ ಗಿಡವೇ ಪುಷ್ಯದ ಹೊತ್ತಿಗೆ ಕಟ್ಟಿಗೆಯಾಗಿ, ಬಗ್ಗಿಸಹೋದರೆ ಮುರಿಯುತ್ತದೆ, ಬೆನ್ನೂ ಹಾಗೇ. ವಯಸ್ಸು ಏರಿದಂತೆ, ಬಾಗು ದೊಡ್ಡದಾದಂತೆ, ಅದು ಬಿಗಿಯುತ್ತ ಹೋಗುತ್ತದೆ. ತಡವಾಗಿ ಬಂದ ಪೆಡಸು ಬೆನ್ನುಗಳಿಗೆ ತಲೆಬುರುಡೆಗೆ ಬಳೆ ತೊಡಿಸಿ ವಾರಗಟ್ಟಲೆ ಮೆಲ್ಲಗೆ ಎಳೆದು ಸಡಿಲಿಸಬೇಕಾಗುತ್ತದೆ. ಎಲುಬನ್ನೇ ಕತ್ತರಿಸಿ ಬಿಡಿಸಬೇಕಾಗುವುದೂ ಉಂಟು. ಬಾಗು 80, 90 ಡಿಗ್ರಿ ಆಗುವ ಹೊತ್ತಿಗೆ ಎದೆಗೂಡು ಇಕ್ಕಟ್ಟಾಗಿ ಉಸಿರಿನ ಬಲವೂ ಕುಗ್ಗಿರುತ್ತದೆ. ಬೇಗ ಬಂದವರಿಗೆ ಶಸ್ತ್ರಚಿಕಿತ್ಸೆಯನ್ನೇ ತಪ್ಪಿಸುವ ಅವಕಾಶವಿದೆ: 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಬ್ರೇಸ್ ತೊಟ್ಟವರಲ್ಲಿ ನೂರಕ್ಕೆ 72 ಮಕ್ಕಳ ಬಾಗು ಬೆಳವಣಿಗೆ ಮುಗಿಯುವವರೆಗೂ 50 ಡಿಗ್ರಿ ಮುಟ್ಟಲಿಲ್ಲ, ಬರೀ ನೋಡುತ್ತ ಕಾದವರಲ್ಲಿ ಆ ಸಂಖ್ಯೆ 48. ದಿನಕ್ಕೆ 13 ತಾಸಿಗಿಂತ ಹೆಚ್ಚು ತೊಟ್ಟವರಿಗೆ ಫಲ ಇನ್ನೂ ಹೆಚ್ಚು.

ಅಂದಮೇಲೆ ಕೆಲಸ ಶುರುವಾಗಬೇಕಾದದ್ದು ಬೆಂಗಳೂರಿನ ಎಕ್ಸ್‌ರೇ ಕೋಣೆಯಲ್ಲಲ್ಲ, ಚಿತ್ತಾಪುರದ ಶಾಲೆಯಲ್ಲಿ, ಶಹಾಬಾದಿನ ಬಚ್ಚಲಮನೆಯಲ್ಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಬಂದಂದಿನಿಂದ ವೈದ್ಯರ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬರಬೇಕೆಂಬ ಏರ್ಪಾಡಿದೆ. ಎತ್ತರ, ತೂಕ, ಹಲ್ಲು, ಕಣ್ಣು ನೋಡುವ ಆ ಸಾಲಿನಲ್ಲಿ ಬೆನ್ನಿಗೂ ಒಂದು ಅರೆನಿಮಿಷ ಸಿಗಲಿ. ಎಲ್ಲ ಮಕ್ಕಳನ್ನೂ ಹೀಗೆ ನೋಡುವುದು ಬೇಕೇ ಎಂಬ ಬಗ್ಗೆ ದೇಶದೇಶಗಳಲ್ಲಿ ಬೇರೆ ಬೇರೆ ಅಭಿಪ್ರಾಯ ಇದೆ, ಅನಗತ್ಯ ಎಕ್ಸ್‌ರೇಗಳ ಚಿಂತೆಯೂ ಇದೆ. ಆದರೂ ಬೆನ್ನೆಲುಬಿನ ಹಿರಿಯ ವೈದ್ಯ ಸಂಘಗಳು ಹುಡುಗಿಯರನ್ನು 10 ಮತ್ತು 12ನೇ ವಯಸ್ಸಿನಲ್ಲಿ, ಹುಡುಗರನ್ನು 13 ಅಥವಾ 14ರಲ್ಲಿ ಒಮ್ಮೆ ನೋಡಿ ಅನ್ನುತ್ತವೆ. ಪರಿಣತರ ಬಾಗಿಲು ಒಂದು ರಾತ್ರಿಯ ರೈಲಿನಷ್ಟು ದೂರ ಇರುವ ನಮ್ಮ ಸೀಮೆಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಅದಕ್ಕೆ ಹಣ ಬೇಡ, ಯಂತ್ರ ಬೇಡ. ಹುಡುಗಿಯ ಮಾನ ಕಾಯುವ ಒಂದು ಪರದೆ, ಅವಳ ಮಾತು ಬಲ್ಲ ಒಬ್ಬ ಅಕ್ಕೋರು ಸಾಕು. ಹಬ್ಬಕ್ಕೆ ತಲೆ ಎರೆಯುವಾಗ, “ಯವ್ವಾ, ಒಂದೀಟು ಮುಂದಕ್ಕ ಬಾಗು, ಬೆನ್ನು ನೋಡ್ತೀನಿ” ಎಂದು ಅವ್ವ ಕೇಳಿದರೂ ಆದೀತು. ಒಂದು ಬದಿ ಎದ್ದು ಕಂಡರೆ ಹೆದರಿ ಮುಚ್ಚಿಡಬೇಡಿ, ಎಣ್ಣೆ ತಿಕ್ಕಿ ನಾಟಿವೈದ್ಯದಲ್ಲಿ ವರ್ಷ ಕಳೆಯಬೇಡಿ. ಬೆನ್ನು ಮೆತ್ತಗಿರುವಾಗಲೇ ಮಗುವನ್ನು ಎಲುಬಿನ ಡಾಕ್ಟರ ಮುಂದೆ ನಿಲ್ಲಿಸಿ.